ಎರಡನೇ ಬಿಲ್ಡ್

ಮೊಬೈಲಿನಲ್ಲಿ 'ಧರ್ಮ' ಎಂದು ಟೈಪ್ ಮಾಡುವಾಗ ಧಕಾರ ಆದ ಮೇಲೆ ಬೆರಳು ಮೊದಲು ಒತ್ತುವುದು ರಕಾರವನ್ನು, ಮಕಾರ ಆಮೇಲಿನದು. ತೆರೆಯ ಮೇಲೆ ಮಾತ್ರ ಮಕಾರ ಮುಂದೆ ಬಂದು, ರಕಾರ ಅರ್ಕಾವತ್ತಾಗಿ ಅದರ ಬಲಕ್ಕೆ ಕೂರುತ್ತದೆ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಈ ಅದಲುಬದಲು ಮಾಡಿಕೊಡುವುದು ಹಾರ್ಫ್‌ಬಝ್ ಎಂಬ ಲೈಬ್ರರಿ. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದು, ಸೋರ್ಸ್ ಕೋಡ್ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಲಿನಕ್ಸ್, ವಿಂಡೋಸ್, ಮ್ಯಾಕ್ ಯಾವುದರಲ್ಲಿ ಕಂಪೈಲ್ ಮಾಡುವುದಾದರೂ, ಕೋಡನ್ನು ಓಡುವ ರೂಪಕ್ಕೆ ಕಟ್ಟಿಕೊಡುವ ಮೆಸನ್ ಎಂಬ ಬಿಲ್ಡ್ ಸಾಧನಕ್ಕೆ ಹೇಳುವ ಮಾತು ಎರಡೇ: ಕೋಡಿನ ಫೋಲ್ಡರಿಗೆ ಹೋಗಿ 'ಮೆಸನ್ ಸೆಟಪ್ ಬಿಲ್ಡ್', ಆಮೇಲೆ ಆ ಬಿಲ್ಡ್ ಫೋಲ್ಡರನ್ನು ತೋರಿಸಿ 'ಮೆಸನ್ ಕಂಪೈಲ್'.

ಮೊದಲ ಬಿಲ್ಡ್ ನೋಡಿ ಮರುಳಾಗುವವರು ಹೊಸಬರು. ಸಾಲುಗಳು ಓಡುತ್ತವೆ, ಫ್ಯಾನ್ ಗುಂಯ್‌ಗುಡುತ್ತದೆ, ಕೊನೆಗೆ ಲೈಬ್ರರಿ ಸಿದ್ಧ. ಪಳಗಿದವರು ಕಾಯುವುದು ಎರಡನೆಯದಕ್ಕೆ. ಭಾರತೀಯ ಲಿಪಿಗಳ ಜೋಡಣೆ ನೋಡಿಕೊಳ್ಳುವ ಒಂದು ಫೈಲಿನಲ್ಲಿ ಒಂದೇ ಸಾಲು ತಿದ್ದಿ ಅದೇ ಆಜ್ಞೆಯನ್ನು ಮತ್ತೆ ಕೊಡುತ್ತಾರೆ. ಆ ಫೈಲು, ಅದನ್ನು ನೆಚ್ಚಿಕೊಂಡವು, ಇಷ್ಟೇ ಮತ್ತೆ ಕಂಪೈಲ್ ಆದರೆ ಸೈ. ಎಲ್ಲವೂ ಮೊದಲಿಂದ ಶುರುವಾದರೆ ಹೊತ್ತು ಹಾಳು. ಆಗಬೇಕಾದ್ದೇ ಆಗದೆ ಉಳಿದರೆ ಹೊತ್ತಿನ ಜೊತೆ ತಲೆಯೂ ಹಾಳು. ಮೂರನೇ ಸಲ ಏನನ್ನೂ ಮುಟ್ಟದೆ ಓಡಿಸಿದರೆ ಕೊನೆಗೆ 'ನೋ ವರ್ಕ್ ಟು ಡೂ' ಎಂಬ ಸಾಲು ಬಂದು ನಿಲ್ಲಬೇಕು. ಈ ಹವ್ಯಾಸಕ್ಕೆ ಬಿದ್ದವರಿಗೆ ಆ ಸಾಲು ಕೊಡುವ ತೃಪ್ತಿಯೇ ಬೇರೆ.

ಬಿಲ್ಡ್ ಸಾಧನಗಳ ವಂಶಾವಳಿ ಶುರುವಾದದ್ದೇ ಆಗದೆ ಉಳಿದ ಒಂದು ಕಂಪೈಲ್‌ನಿಂದ. 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಸ್ಟೀವ್ ಜಾನ್ಸನ್, ಯಾಕ್ ಎಂಬ ಪ್ರಸಿದ್ಧ ಸಾಧನವನ್ನು ಬರೆದವರು, ಒಂದು ಇಡೀ ಬೆಳಗ್ಗೆ ತಪ್ಪೇ ಇಲ್ಲದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದರು. ತಪ್ಪನ್ನು ಅವರು ಆಗಲೇ ತಿದ್ದಿದ್ದರು. ತಿದ್ದಿದ ಫೈಲನ್ನು ಮರಳಿ ಕಂಪೈಲ್ ಮಾಡಿರಲಿಲ್ಲ, ಅಷ್ಟೆ. ವಿಧಿಯನ್ನು ಶಪಿಸುತ್ತ ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ ಕೋಣೆಗೆ ನುಗ್ಗಿದರು. ಫೆಲ್ಡ್‌ಮನ್ ಕೂಡ ಹಿಂದಿನ ಸಂಜೆಯ ಒಂದಿಷ್ಟು ಹೊತ್ತನ್ನು ಇದೇ ಗೋಳಿನಲ್ಲಿ ಕಳೆದಿದ್ದರು. ಹಾಗೆ ಹುಟ್ಟಿತು 'ಮೇಕ್'. ಎರಡು ಫೈಲುಗಳ ಸಮಯ ಹೋಲಿಸು, ಮೂಲ ಹೊಸದಾಗಿದ್ದರೆ ಮತ್ತೆ ಕಂಪೈಲ್ ಮಾಡು: ಇಷ್ಟೇ ಅದರ ತಿರುಳು. 2003ರಲ್ಲಿ ಫೆಲ್ಡ್‌ಮನ್‌ಗೆ ಇದಕ್ಕಾಗಿ ಎಸಿಎಂ ಸಂಸ್ಥೆಯ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿ ಬಂತು.

ಮೇಕ್ ಫೈಲಿನಲ್ಲಿ ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು. ಎಂಟು ಸ್ಪೇಸ್ ಕೊಟ್ಟರೆ ಕಣ್ಣಿಗೆ ಒಂದೇ ಥರ, ಮೇಕ್‌ಗೆ ಮಾತ್ರ ಆಗದು. ಇದು ಬದಲಾಗದೆ ಉಳಿದದ್ದಕ್ಕೆ ಫೆಲ್ಡ್‌ಮನ್ ಕೊಟ್ಟ ಕಾರಣ ತಮಾಷೆಯದು. ಬರೆದು ಕೆಲವೇ ವಾರಗಳಲ್ಲಿ ಹತ್ತು ಹನ್ನೆರಡು ಮಂದಿ ಬಳಸತೊಡಗಿದ್ದರು, ಹೆಚ್ಚಿನವರು ಗೆಳೆಯರೇ. ಅವರಿಗೆ ತೊಂದರೆ ಕೊಡುವುದು ಬೇಡವೆಂದು ಬಿಟ್ಟುಬಿಟ್ಟರಂತೆ. ಆ ಹತ್ತು ಹನ್ನೆರಡು ಮಂದಿಯ ಮೇಲಿನ ಸಂಕೋಚವನ್ನು ಐವತ್ತು ವರ್ಷದಿಂದ ಲೋಕವೆಲ್ಲ ಹೊರುತ್ತಿದೆ.

ಒಂದೇ ಬಗೆಯ ಕಂಪ್ಯೂಟರ್ ಇದ್ದಲ್ಲಿ ಮೇಕ್ ಸಾಕಿತ್ತು. ಊರು ಬದಲಾದಾಗ ಪಂಚಾಯಿತಿ ಶುರು. ಹಂಚಿಕೊಳ್ಳುವ ಲೈಬ್ರರಿಯ ಬಾಲ ಲಿನಕ್ಸ್‌ನಲ್ಲಿ 'ಎಸ್ಒ', ಮ್ಯಾಕ್‌ನಲ್ಲಿ 'ಡೈಲಿಬ್', ವಿಂಡೋಸ್‌ನಲ್ಲಿ 'ಡಿಎಲ್ಎಲ್'. ಫೈಲಿನ ಹೆಸರಿನ ದೊಡ್ಡಕ್ಷರ ಚಿಕ್ಕಕ್ಷರ ಏರುಪೇರಾದರೂ ವಿಂಡೋಸ್ ಸುಮ್ಮನಿರುತ್ತದೆ, ಅದೇ ಕೋಡ್ ಲಿನಕ್ಸ್‌ಗೆ ಹೋದರೆ ಫೈಲೇ ಇಲ್ಲ ಎನ್ನುತ್ತದೆ. ವಿಂಡೋಸ್‌ನ 'ಪ್ರೋಗ್ರಾಂ ಫೈಲ್ಸ್' ಎಂಬ ಹೆಸರಿನ ನಡುವಿನ ಒಂದು ಸ್ಪೇಸ್ ಎಷ್ಟು ಸ್ಕ್ರಿಪ್ಟುಗಳನ್ನು ಮುರಿದಿದೆಯೋ ದೇವರೇ ಬಲ್ಲ. ಯುನಿಕ್ಸ್ ಲೋಕ ಇದಕ್ಕೆ ಹುಡುಕಿದ ಉಪಾಯ 1991ರಲ್ಲಿ ಡೇವಿಡ್ ಮೆಕೆಂಜಿ ಶುರುಮಾಡಿದ ಆಟೋಕಾನ್ಫ್. ಪುಟ್ಟ ಪುಟ್ಟ ಪ್ರೋಗ್ರಾಮುಗಳನ್ನು ತಾನೇ ಬರೆದು ಕಂಪೈಲ್ ಮಾಡಿ ನೋಡುತ್ತದೆ. ಕಂಪೈಲ್ ಆದರೆ ಬೇಕಾದ ಸೌಲಭ್ಯ ಆ ಕಂಪ್ಯೂಟರಿನಲ್ಲಿ ಇದೆ, ಆಗದಿದ್ದರೆ ಇಲ್ಲ. ಉಪಾಯ ಚೆಂದ. ಅದು ಹೆರುವ ಸಾವಿರಾರು ಸಾಲಿನ ಶೆಲ್ ಸ್ಕ್ರಿಪ್ಟನ್ನು ಮಾತ್ರ ಯಾರೂ ಓದುವುದಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ವಿಂಡೋಸ್‌ ಅನ್ನೂ ಮೊದಲ ಪಂಕ್ತಿಯಲ್ಲೇ ಕೂರಿಸಿದ್ದು ಸಿಮೇಕ್. 1999ರಲ್ಲಿ ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ವೈದ್ಯಕೀಯ ಚಿತ್ರಗಳನ್ನು ವಿಶ್ಲೇಷಿಸುವ ಐಟಿಕೆ ಎಂಬ ತಂತ್ರಾಂಶಕ್ಕೆ ಹಣ ಕೊಟ್ಟಿತು. ಅದನ್ನು ಎಲ್ಲ ಕಂಪ್ಯೂಟರುಗಳಲ್ಲೂ ಬಿಲ್ಡ್ ಮಾಡುವ ಹೊಣೆ ಕಿಟ್‌ವೇರ್ ಎಂಬ ಸಣ್ಣ ಕಂಪನಿಗೆ ಬಿತ್ತು. ಅದಕ್ಕಾಗಿ ಅವರು ಬರೆದದ್ದೇ ಸಿಮೇಕ್. 2006ರಲ್ಲಿ ಕೆಡಿಇ ಡೆಸ್ಕ್‌ಟಾಪ್ ತಂಡ ಎಸ್‌ಕಾನ್ಸ್ ಎಂಬ ಬಿಲ್ಡ್ ಸಾಧನದ ಜೊತೆ ಏಗಿ ಸುಸ್ತಾಗಿ ಸಿಮೇಕ್‌ಗೆ ಬಂದ ಮೇಲೆ ಅದರ ದೆಸೆ ತಿರುಗಿತು. ಇವತ್ತು ಸಿ ಪ್ಲಸ್ ಪ್ಲಸ್ ಲೋಕದಲ್ಲಿ ಅದರದೇ ದರ್ಬಾರು. ಭಾಷೆ ಮಾತ್ರ ವಿಚಿತ್ರ. ಅಲ್ಲಿ ಎಲ್ಲವೂ ಸ್ಟ್ರಿಂಗ್, ಎಂದರೆ ಅಕ್ಷರಗಳ ಸರ. ಪಟ್ಟಿ ಎಂದರೂ ನಡುವೆ ಅರ್ಧವಿರಾಮ ಹಾಕಿದ ಅಕ್ಷರಗಳ ಸರವೇ. ವೇರಿಯಬಲ್ ಹೆಸರನ್ನು ತಪ್ಪಾಗಿ ಬರೆದರೆ ಖಾಲಿ ಎಂದು ತಿಳಿದು ಸದ್ದಿಲ್ಲದೆ ಮುಂದೆ ಹೋಗುತ್ತದೆ.

ಫಿನ್ಲೆಂಡಿನ ಯುಸ್ಸಿ ಪಕ್ಕನೆನ್ 2012ರ ಕ್ರಿಸ್‌ಮಸ್ ರಜೆಯಲ್ಲಿ ಮೆಸನ್ ಬರೆಯಲು ಕೂತರು. ಹೆಸರಿನ ಕಥೆ ಬೇರೆ ಇದೆ. ಡೆಬಿಯನ್‌ನಲ್ಲಾಗಲಿ ಸೋರ್ಸ್‌ಫೋರ್ಜ್‌ನಲ್ಲಾಗಲಿ ಯಾರೂ ಇಟ್ಟಿರದ ಹೆಸರು ಬೇಕಿತ್ತು. ಪ್ರೋಟಾನು ನ್ಯೂಟ್ರಾನುಗಳನ್ನು ಹಿಡಿದಿಡುವ 'ಗ್ಲುವಾನ್' ಒಪ್ಪುತ್ತಿತ್ತು, ಆದರೆ ಅದನ್ನು ಬೇರೆಯವರು ಹಿಡಿದಿದ್ದರು. ಉಳಿದ ಕಣಗಳನ್ನು ತಡಕಿದಾಗ ಮೆಸನ್ ಖಾಲಿ ಇತ್ತು.

ಮೆಸನ್‌ನ ಸೊಗಸು ಇರುವುದು ಅದು ಒಲ್ಲೆನ್ನುವುದರಲ್ಲಿ. ಕೋಡಿನ ಫೋಲ್ಡರಿನಲ್ಲೇ ಬಿಲ್ಡ್ ಮಾಡಿ ಗಲೀಜು ಮಾಡುತ್ತೇನೆಂದರೆ ಬಿಡುವುದಿಲ್ಲ. ಗೊತ್ತಿಲ್ಲದ ವೇರಿಯಬಲ್ ಕಂಡರೆ ಅಲ್ಲೇ ನಿಲ್ಲುತ್ತದೆ. 'ಈ ಫೋಲ್ಡರಿನ ಎಲ್ಲ ಸಿ ಫೈಲು' ಎಂದು ಬಾಚಿ ಹೇಳುವಂತಿಲ್ಲ, ಒಂದೊಂದರ ಹೆಸರೂ ಬರೆಯಬೇಕು. ಹೊಸಬರು ಸಿಡುಕುವುದು ಇಲ್ಲೇ. ಆದರೆ ಊರಿನವರೆಲ್ಲ ಎಂದು ಬರೆದಿಟ್ಟರೆ ಹೊಸದಾಗಿ ಯಾರು ಬಂದರೆಂದು ತಿಳಿಯಲು ಪ್ರತಿ ಸಲವೂ ಊರೆಲ್ಲ ಸುತ್ತಬೇಕು, ಎರಡನೇ ಬಿಲ್ಡ್ ನಿಧಾನವಾಗುವುದು ಅಲ್ಲಿಯೇ. ಇನ್ನೊಂದು ಸೂಕ್ಷ್ಮ ನೋಡಿ. ಲಿನಕ್ಸ್‌ನಲ್ಲಿ ಲೈಬ್ರರಿಯ ಒಳಗಿನ ಕೋಡ್ ಬದಲಾಗಿ, ಅದು ಹೊರಗೆ ತೋರಿಸುವ ಹೆಸರುಗಳು ಹಾಗೇ ಇದ್ದರೆ, ಅದನ್ನು ಬಳಸುವ ಪ್ರೋಗ್ರಾಮುಗಳನ್ನು ಮೆಸನ್ ಮತ್ತೆ ಲಿಂಕ್ ಮಾಡುವ ಗೋಜಿಗೆ ಹೋಗುವುದಿಲ್ಲ. ಅರ್ಕಾವತ್ತಿನ ಸಾಲು ತಿದ್ದಿದವರಿಗೆ ಉಳಿತಾಯ ಕಾಣುವುದು ಇಂಥಲ್ಲಿ.

ಮೆಸನ್ ಪರವಾಗಿ ಬೆವರು ಸುರಿಸಿ ಕಂಪೈಲ್ ಮಾಡಿಸುವ ಕೆಲಸ ನಿಂಜಾ ಎಂಬ ಇನ್ನೊಂದು ಸಾಧನದ್ದು. ಕ್ರೋಮ್ ಬ್ರೌಸರನ್ನು ಲಿನಕ್ಸ್‌ಗೆ ತರುತ್ತಿದ್ದ ಗೂಗಲ್‌ನ ಇವಾನ್ ಮಾರ್ಟಿನ್ ಅದನ್ನು ಬರೆದರು. ಕ್ರೋಮ್‌ನ 30,000ಕ್ಕೂ ಹೆಚ್ಚು ಮೂಲ ಫೈಲುಗಳಲ್ಲಿ ಒಂದನ್ನು ಮುಟ್ಟಿದರೆ ಬೇರೆ ಸಾಧನಗಳು ಕೆಲಸ ಶುರುಮಾಡಲೇ ಹತ್ತು ಸೆಕೆಂಡ್ ಹಿಡಿಯುತ್ತಿದ್ದವು, ನಿಂಜಾಗೆ ಒಂದೂ ಬೇಡ. ಅದರ ಫೈಲನ್ನು ಕೈಯಲ್ಲಿ ಬರೆಯುವುದಲ್ಲ, ಮೆಸನ್ನೋ ಸಿಮೇಕೋ ಬರೆದುಕೊಡುತ್ತದೆ. ಏಕೆ ಕಂಪೈಲ್ ಮಾಡಿದೆ ಎಂದು ಕೇಳಿದರೆ ಕಾರಣವನ್ನೂ ಹೇಳುತ್ತದೆ.

ದೂರು ಇಲ್ಲವೆಂದಲ್ಲ. ಮೆಸನ್‌ನಲ್ಲಿ ಸ್ವಂತ ಫಂಕ್ಷನ್ ಬರೆಯಲು ಬಿಡುವುದಿಲ್ಲವಾದ್ದರಿಂದ ದೊಡ್ಡ ಯೋಜನೆಗಳಲ್ಲಿ ಒಂದೇ ತುಣುಕನ್ನು ಹತ್ತು ಕಡೆ ಬರೆಯಬೇಕಾಗುತ್ತದೆ. ಪೈಥಾನ್ ಇಲ್ಲದ ಕಡೆ ಅದು ಓಡುವುದೂ ಇಲ್ಲ.

ಯಾರೂ ಓದದ ಸ್ಕ್ರಿಪ್ಟಿನ ಮಾತಿಗೆ ಮರಳಬೇಕು. 2024ರ ಮಾರ್ಚ್ ಕೊನೆಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್, ಎಸ್ಎಸ್ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಕೆದಕಿದರು. ಎಕ್ಸ್‌ಝಡ್ ಎಂಬ ಕಂಪ್ರೆಷನ್ ಲೈಬ್ರರಿಯಲ್ಲಿ ಕಳ್ಳಬಾಗಿಲು ಸಿಕ್ಕಿತು. ಅದನ್ನು ಒಳಗೆ ಬಿಟ್ಟದ್ದು ಬಿಲ್ಡ್ ಸ್ಕ್ರಿಪ್ಟ್: ಎಲ್ಲರಿಗೂ ಕಾಣುವ ಗಿಟ್ ಭಂಡಾರದಲ್ಲಿಲ್ಲದ ಸಾಲುಗಳು, ಬಿಡುಗಡೆಯ ಗಂಟಿನೊಳಗಿನ ಆಟೋಕಾನ್ಫ್ ಫೈಲಿನಲ್ಲಿದ್ದವು. ಅದೇ ಯೋಜನೆಯ ಸಿಮೇಕ್ ಫೈಲಿನಲ್ಲಿ ಇನ್ನೊಂದು ಕಿತಾಪತಿ. ಲಿನಕ್ಸ್‌ನ ಲ್ಯಾಂಡ್‌ಲಾಕ್ ಎಂಬ ಭದ್ರತೆ ಇದೆಯೇ ಎಂದು ಪರೀಕ್ಷಿಸುವ ಪುಟ್ಟ ಪ್ರೋಗ್ರಾಮಿನಲ್ಲಿ ಒಂದು ಸಾಲಿನ ಮೊದಲಿಗೆ ಯಾರೋ ಒಂದೇ ಒಂದು ಚುಕ್ಕಿ ಇಟ್ಟಿದ್ದರು. ಚುಕ್ಕಿ ಇದ್ದರೆ ಕಂಪೈಲ್ ಆಗದು, ಆಗದಿದ್ದರೆ ಲ್ಯಾಂಡ್‌ಲಾಕ್ ಇಲ್ಲವೆಂದೇ ಲೆಕ್ಕ, ಆ ಭದ್ರತೆ ಬಂದ್. ನ್ಯಾಯವಾಗಿ ಹೇಳುವುದಾದರೆ ಮೆಸನ್‌ನಲ್ಲೂ ಇಂಥ ಪರೀಕ್ಷೆಗಳಿವೆ, ಆ ಚುಕ್ಕಿ ಅಲ್ಲೂ ಇದೇ ಕೆಲಸ ಮಾಡುತ್ತಿತ್ತು.

ಇದೇ ಫ್ರಾಯಿಂಡ್ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಮೆಸನ್ ತಂದವರಲ್ಲಿ ಮುಖ್ಯರು. ಅಲ್ಲಿಯವರೆಗೆ ಯುನಿಕ್ಸ್‌ಗೆ ಆಟೋಕಾನ್ಫ್ ಮತ್ತು ಮೇಕ್, ವಿಂಡೋಸ್‌ಗೆ ಪರ್ಲ್‌ನಲ್ಲಿ ಬರೆದ ಬೇರೆಯೇ ಸ್ಕ್ರಿಪ್ಟುಗಳು ಇದ್ದವು. 2023ರಲ್ಲಿ ಬಂದ 16ನೇ ಆವೃತ್ತಿ ಮೆಸನ್ ಅನ್ನು ಸೇರಿಸಿಕೊಂಡಿತು. ಮರುವರ್ಷ 17ನೆಯದು ಪರ್ಲ್ ಸ್ಕ್ರಿಪ್ಟುಗಳನ್ನು ಕಿತ್ತುಹಾಕಿತು, ವಿಷುವಲ್ ಸ್ಟುಡಿಯೊ ಬಳಸುವವರಿಗೆ ಈಗ ಮೆಸನ್ ಒಂದೇ ದಾರಿ. ಲಿನಕ್ಸ್ ಕಡೆಯ ಮೇಕ್ ಫೈಲುಗಳನ್ನು ಮಾತ್ರ ತೆಗೆಯಲಿಲ್ಲ. ಟ್ಯಾಬ್‌ಗಳ ಸಮೇತ ಅಲ್ಲೇ ಇವೆ.