‘ಕಡಿತ’ದಲ್ಲಿ ಕಾಣದ ಕೈ

ಜವಳಗೇರಾದ ನಮ್ಮ ಮನೆಯಲ್ಲಿ ಕುಳಿತು ಪಿಎಚ್.ಡಿ. ಪ್ರಬಂಧದ ಅಧ್ಯಾಯವೊಂದನ್ನು ತಿದ್ದುತ್ತಿದ್ದೆ. ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕತೆಯ ಬಗ್ಗೆ ನಾನೇ ಬರೆದ ಸಾಲೊಂದು ಕಣ್ಣಿಗೆ ಬಿತ್ತು: ‘ಯಮುನಕ್ಕ ಸಮಾಜದ ಸಂಪರ್ಕ ಕಡಿತಗೊಂಡು ಒಂಟಿಯಾಗುತ್ತಾಳೆ.’ ವ್ಯಾಕರಣ ಸರಿಯಿತ್ತು, ಸಾಲು ಸುಳ್ಳಾಗಿತ್ತು.

‘ಸಂಪರ್ಕ ಕಡಿತ’ ನಮ್ಮ ರಾಯಚೂರು ಜಿಲ್ಲೆಯವರಿಗೆ ಮಳೆಗಾಲದ ಪದ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಕೃಷ್ಣೆಗೆ ಹೆಚ್ಚು ನೀರು ಬಿಟ್ಟರೆ ಲಿಂಗಸುಗೂರು ತಾಲೂಕಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ. 2019ರ ಆಗಸ್ಟ್‌ನಲ್ಲೂ ಮುಳುಗಿತ್ತು. ಇಂಥ ಸುದ್ದಿಗೆ ತಲೆಬರಹ ಸಿದ್ಧವೇ ಇರುತ್ತದೆ: ನಡುಗಡ್ಡೆ ಗ್ರಾಮಗಳ ಸಂಪರ್ಕ ಕಡಿತ.

‘ಕಡಿ’ ಎಂಬ ಕ್ರಿಯಾಪದಕ್ಕೆ ಕಡಿಯುವವರು ಬೇಕು. ‘ಕಡಿದರು’ ಎಂದರೆ ಯಾರು ಎಂಬ ಪ್ರಶ್ನೆ ಏಳುತ್ತದೆ. ‘ಕಡಿದುಕೊಂಡರು’ ಎಂದರೆ ತಾವೇ ಎಂದಾಯಿತು. ‘ಕಡಿತ’ ಎಂದು ನಾಮಪದ ಮಾಡಿದೊಡನೆ ಕರ್ತೃ ಜಾರಿಕೊಳ್ಳುತ್ತಾನೆ. ಗೇಟು ತೆರೆದವರು, ಸೇತುವೆ ಎತ್ತರಿಸಬೇಕಾದವರು, ಯಾರೂ ಕಾಣುವುದಿಲ್ಲ. ನಮ್ಮ ಕಡೆಯ ಆಡುಮಾತು ಹಾಗಲ್ಲ. ‘ಹೊಳಿ ಬಂದೈತಿ’, ‘ನೀರು ಬಿಟ್ಟಾರ’, ‘ನಮ್ಮ ಕೂಡ ಮಾತು ಬಿಟ್ಟಾರ’. ಹೆಸರು ಹೇಳದಿದ್ದರೂ ಕ್ರಿಯಾಪದದ ಕೊನೆಯಲ್ಲಿ ಮಾಡಿದವರ ಗುರುತು ಇರುತ್ತದೆ.

ಪತ್ರಿಕೆಯವರನ್ನು ಪೂರ್ತಿ ದೂರಲಾರೆ. ತಲೆಬರಹಕ್ಕೆ ಜಾಗ ಕಡಿಮೆ. ಎಷ್ಟು ಕ್ಯೂಸೆಕ್ ನೀರು ಬಿಟ್ಟರೆಂಬುದು ಸುದ್ದಿಯ ಒಳಗೆ ಸಿಗುತ್ತದೆ. ವಿಮರ್ಶೆಗೆ ಆ ನೆಪವಿಲ್ಲ.

‘ಘಟಶ್ರಾದ್ಧ’ದಲ್ಲಿ ವಿಧವೆ ಯಮುನಕ್ಕ ಬಸುರಾಗುತ್ತಾಳೆ. ಬದುಕಿರುವ ಆ ಮಗಳಿಗೆ ತಂದೆಯೇ ಶ್ರಾದ್ಧ ಮಾಡುತ್ತಾನೆ. ಘಟ ಒಡೆದರೆ ನಂಟು ಮುಗಿಯಿತು; ಆಮೇಲೆ ಅವಳು ಇದ್ದೂ ಇಲ್ಲದವಳು. ಅವಳೊಡನೆ ಮಾತಿಲ್ಲ, ಅವಳ ಮಾತಿಗೆ ಕಿವಿಯಿಲ್ಲ. ಈ ಪದ ಕ್ರೂರ. ಆದರೆ ಅದು ಏನನ್ನೂ ಮುಚ್ಚಿಡುವುದಿಲ್ಲ: ಸಾವು ತಾನಾಗಿ ಬರಬಹುದು, ಶ್ರಾದ್ಧ ತಾನಾಗಿ ಆಗುವುದಿಲ್ಲ. ಮಾಡುವ ಕೈ ಬೇಕು, ನೋಡುತ್ತ ನಿಲ್ಲುವ ಜನ ಬೇಕು. ಗಿರೀಶ ಕಾಸರವಳ್ಳಿಯವರ 1977ರ ಸಿನಿಮಾ ಕೂಡ ಅದೇ ಹೆಸರನ್ನು ಉಳಿಸಿಕೊಂಡಿತು.

ಕತೆಗಾರ ಎತ್ತಿ ತೋರಿಸಿದ ಕೈಯನ್ನೇ ನನ್ನ ಸಾಲು ಅಳಿಸಿಹಾಕಿತ್ತು. ಶಾಸ್ತ್ರೀಯವಾಗಿ ಕೇಳಿಸಲಿ ಎಂದು ನಾನು ಆರಿಸಿಕೊಂಡ ಪದ, ಹೊರಹಾಕಿದವರ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಹೊಡೆದುಹಾಕಿ ಬರೆದೆ: ‘ತಂದೆಯೂ ಅಗ್ರಹಾರದವರೂ ಸೇರಿ ಯಮುನಕ್ಕನನ್ನು ಹೊರಹಾಕುತ್ತಾರೆ.’ ಸಾಲಿನ ಗಾಂಭೀರ್ಯ ಕಡಿಮೆಯಾಯಿತು, ಮಾಡಿದವರು ಮರಳಿ ಬಂದರು.

ಮುಂದಿನ ಮಳೆಗಾಲದಲ್ಲಿ ಆ ತಲೆಬರಹ ಕಂಡಾಗ ನೀವೂ ಒಮ್ಮೆ ಕೇಳಿ ನೋಡಿ: ಕಡಿದವರು ಯಾರು?