ಒಲೆಯ ಪರ ವಕಾಲತ್ತು

ವೀಗನ್ ಆದವರಿಗೆ ಹಸಿ ಆಹಾರವೇ ಮುಂದಿನ ಮೆಟ್ಟಿಲು ಎಂಬ ಬೋಧನೆ ಈಗ ಜೋರಾಗಿದೆ. ಹಾಲು ತುಪ್ಪ ಬಿಟ್ಟಾಯಿತು, ಇನ್ನು ಒಲೆಯನ್ನೂ ಬಿಡಿ. 48 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಿಣ್ವಗಳು ಸತ್ತು ಊಟ ನಿರ್ಜೀವವಾಗುತ್ತದೆ ಎನ್ನುತ್ತಾರೆ. ಈ ಕಿಣ್ವವಾದಿಗಳೊಡನೆ ನನ್ನ ತಕರಾರು ಹಳೆಯದು. ಸೊಪ್ಪಿನ ಕಿಣ್ವ ಇರುವುದು ಸೊಪ್ಪಿನ ಕೆಲಸಕ್ಕೆ. ಅದೂ ಒಂದು ಪ್ರೋಟೀನು, ಜಠರದ ಆಮ್ಲಕ್ಕೆ ಸಿಕ್ಕ ಮೇಲೆ ಬಹುಪಾಲು ಬೇಳೆಯ ಪ್ರೋಟೀನಿನ ಹಾಗೆಯೇ ಮುರಿದುಹೋಗುತ್ತದೆ.

ಹಾಗಾದರೆ ಹಸಿ ತಿಂದು ಮೈ ಹಗುರಾಯಿತು ಎನ್ನುವವರ ಮಾತು ಸುಳ್ಳೇ? ಸುಳ್ಳಲ್ಲ. ಮೈದಾ, ಸಕ್ಕರೆ, ಕರಿದ ತಿಂಡಿ ಮೂರೂ ಒಟ್ಟಿಗೆ ಮನೆ ಬಿಟ್ಟರೆ ಯಾರ ಮೈಯಾದರೂ ಹಗುರಾದೀತು, ಅದಕ್ಕೆ ಒಲೆ ಆರಿಸಬೇಕಿಲ್ಲ. ಜರ್ಮನಿಯ ಗೀಸನ್‌ನಲ್ಲಿ ಬಹುಕಾಲ ಹಸಿ ಆಹಾರ ತಿಂದವರನ್ನು ಅಧ್ಯಯನ ಮಾಡಿದ್ದಾರೆ. 1999ರ ವರದಿಯಂತೆ, 45 ವರ್ಷದೊಳಗಿನ ಹೆಂಗಸರಲ್ಲಿ ಸುಮಾರು ಶೇ 30ರಷ್ಟು ಮಂದಿಯ ಮುಟ್ಟು ಏರುಪೇರಾಗಿತ್ತು ಇಲ್ಲವೇ ನಿಂತೇಹೋಗಿತ್ತು. 2005ರ ವರದಿಯಲ್ಲಿ ಕೆಟ್ಟ ಕೊಲೆಸ್ಟರಾಲ್ ಕಡಿಮೆ ಇದ್ದದ್ದು ನಿಜ. ಆದರೆ ಒಳ್ಳೆಯದೂ ಕಡಿಮೆಯೇ, ಮೇಲೆ ಬಿ12 ಕೊರತೆ. ಅವರೆಲ್ಲ ವೀಗನ್ನರಲ್ಲ, ಕೆಲವರು ಮಾಂಸವನ್ನೂ ತಿನ್ನುತ್ತಿದ್ದರು ಎಂಬ ಆಕ್ಷೇಪ ಬರುತ್ತದೆ. ಆಗಲಿ. ಬಿ12ರ ಮಟ್ಟಿಗೆ ಅದು ಹಸಿ ವೀಗನ್ನರ ಸ್ಥಿತಿಯನ್ನು ಇನ್ನಷ್ಟು ಬಿಗಡಾಯಿಸುತ್ತದೆಯೇ ಹೊರತು ಸುಧಾರಿಸುವುದಿಲ್ಲ.

ಬೇಯಿಸಿದರೆ ಸಿ ಜೀವಸತ್ವ ಹೋಗುತ್ತದಲ್ಲ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಹೋಗುತ್ತದೆ, ಬಸಿದ ನೀರು ಚೆಲ್ಲಿದರಂತೂ ಇನ್ನೂ ಹೆಚ್ಚು. ಆದರೆ ಟೊಮೆಟೊದ ಲೈಕೊಪೀನ್, ಕ್ಯಾರೆಟ್ಟಿನ ಕೆರೋಟಿನ್ ಬೆಂದ ಮೇಲೆಯೇ, ಅದೂ ತುಸು ಎಣ್ಣೆಯ ಜೊತೆಗೆ, ಮೈಗೆ ಚೆನ್ನಾಗಿ ಹತ್ತುತ್ತವೆ. ಪಿಷ್ಟವೂ ಹಾಗೆಯೇ: ಬೆಂದು ಅರಳದೆ ಪೂರ್ತಿ ಜೀರ್ಣವಾಗದು. ರಾಜ್ಮಾದ ಲೆಕ್ಟಿನ್ ವಿಷವನ್ನು ಮುರಿಯಲು ಕೊತಕೊತ ಕುದಿಯೇ ಬೇಕು, 48 ಡಿಗ್ರಿಯ ಉಗುರುಬೆಚ್ಚಗೆ ಅದು ಜಗ್ಗುವುದಿಲ್ಲ.

ಗಾಂಧೀಜಿಯೇ ಹಸಿ ತಿಂದಿದ್ದರಲ್ಲ ಎನ್ನುವವರಿಗೆ ಆ ಕಥೆಯ ಉತ್ತರಾರ್ಧ ನೆನಪಿಲ್ಲ. 1929ರಲ್ಲಿ ಮೊಳಕೆ ಗೋಧಿ, ಅರೆದ ಬಾದಾಮಿ, ಹಸಿ ಸೊಪ್ಪು ತಿಂದು ‘ಯಂಗ್ ಇಂಡಿಯಾ’ದಲ್ಲಿ ಬರೆದವರು, ಕೆಲವೇ ತಿಂಗಳಲ್ಲಿ ಆಮಶಂಕೆಯಿಂದ ಸೋತು ಮೇಕೆಹಾಲಿಗೆ ಮರಳಿದರು. ಪ್ರಯೋಗ ಕೈಬಿಟ್ಟದ್ದನ್ನೂ ಬರೆದು ತಿಳಿಸಿದರು. ಇಂದಿನ ಪ್ರಚಾರಕರಲ್ಲಿ ಕಾಣದ ಗುಣ ಅದು.

ಹಸಿಯೆಂದರೆ ನಮಗೇನೂ ದ್ವೇಷವಿಲ್ಲ. ನೆನೆಸಿದ ಹೆಸರುಬೇಳೆಗೆ ಸೌತೆ, ಕಾಯಿತುರಿ ಬೆರೆಸಿ ನಿಂಬೆ ಹಿಂಡಿದ ಕೋಸಂಬರಿಗಿಂತ ಒಳ್ಳೆಯ ಹಸಿ ವೀಗನ್ ತಿನಿಸು ಯಾವುದಿದೆ? ನಿಂಬೆಯ ಸಿ ಜೀವಸತ್ವ ಬೇಳೆಯ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಅದೇ ಅಡುಗೆಮನೆ ಹುರುಳಿಯನ್ನು ಮಾತ್ರ ಮೊಳಕೆ ಕಟ್ಟಿ, ಆಮೇಲೆ ಬೇಯಿಸಿ ಸಾರು ಮಾಡುತ್ತದೆ. ಬೇಳೆಯನ್ನು ಹಸಿಯಾಗಿಯೇ ಬಿಟ್ಟು ಹುರುಳಿಯನ್ನು ಒಲೆಗೇರಿಸುವ ಈ ವಿವೇಚನೆಯ ಮುಂದೆ ‘ನೂರಕ್ಕೆ ನೂರು ಹಸಿ’ ಎಂಬ ಪಣ ಬರೀ ಹಟ. ಎಲೆಯ ತುದಿಯ ಕೋಸಂಬರಿಯ ಪಾಲು ದೊಡ್ಡದಾಗಲಿ, ಸಾರು ಪಲ್ಯ ಬಿಸಿಯಾಗಿಯೇ ಬರಲಿ. ಬಿ12 ಮಾತ್ರೆಯನ್ನಂತೂ ವೀಗನ್ನರು ಹೇಗೂ ನುಂಗಬೇಕು, ಒಲೆ ಉರಿದರೂ ಆರಿದರೂ.