ಎಂಬತ್ತು ಅಂಕದ ಇಂಗ್ಲಿಷು

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಉಡುಪಿ ಜಿಲ್ಲೆಗೆ ದೊಡ್ಡ ಆತಂಕವೇನೂ ಇರುವುದಿಲ್ಲ. 2024ರಲ್ಲಿ ಶೇ. 94 ತೇರ್ಗಡೆಯೊಂದಿಗೆ ಜಿಲ್ಲೆ ರಾಜ್ಯಕ್ಕೇ ಮೊದಲು; 2025ರಲ್ಲಿ ಶೇ. 89.96ರೊಂದಿಗೆ ದಕ್ಷಿಣ ಕನ್ನಡದ ಬೆನ್ನಿಗೆ ಎರಡನೆಯದು. ಈ ಲೆಕ್ಕದಲ್ಲಿ ಇಂಗ್ಲಿಷೂ ಸೇರಿದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಅದು ದ್ವಿತೀಯ ಭಾಷೆ. ಒಟ್ಟು ನೂರು ಅಂಕ: ಎಂಬತ್ತು ಬರವಣಿಗೆಗೆ, ಇಪ್ಪತ್ತು ಆಂತರಿಕ ಮೌಲ್ಯಮಾಪನಕ್ಕೆ. ಆ ಎಂಬತ್ತರಲ್ಲಿ ಎಪ್ಪತ್ತು ತೆಗೆದ ಪರ್ಕಳದ ಹುಡುಗಿ ಈಶ್ವರನಗರ ದಾಟಿ ಮಣಿಪಾಲಕ್ಕೆ ಹೋಗಿ, ಅಲ್ಲಿನ ಯಾವುದೋ ಕೌಂಟರಿನಲ್ಲಿ ಇಂಗ್ಲಿಷಿನ ಒಂದು ಸಣ್ಣ ಪ್ರಶ್ನೆ ಎದುರಾದರೆ ಪಕ್ಕದವರ ಮುಖ ನೋಡುತ್ತಾಳೆ. ನಡುವೆ ಇರುವುದು ಹೆದ್ದಾರಿ 169ಎಯ ಕೆಲವೇ ನಿಮಿಷಗಳ ದಾರಿ. ಹತ್ತು ವರ್ಷ ಓದಿದ ಭಾಷೆ ಅಷ್ಟು ದೂರವೂ ಏಕೆ ಜೊತೆಗೆ ಬರುವುದಿಲ್ಲ? ತಪ್ಪು ಪುಸ್ತಕದ್ದೋ, ಪಾಠದ್ದೋ, ಪರೀಕ್ಷೆಯದ್ದೋ?

ಪುಸ್ತಕದಿಂದಲೇ ಶುರು ಮಾಡೋಣ. ರಾಜ್ಯ ಪಠ್ಯಕ್ರಮದ ಹತ್ತನೆಯ ತರಗತಿಯ ದ್ವಿತೀಯ ಭಾಷೆ ಇಂಗ್ಲಿಷಿನ ಪಠ್ಯವನ್ನು ಸುಮ್ಮನೆ ಬೈಯುವುದು ನ್ಯಾಯವಲ್ಲ. ಆರ್.ಕೆ. ನಾರಾಯಣರ ‘ಎ ಹೀರೋ’ ಅದರಲ್ಲಿದೆ. ಕತ್ತಲೆಗೆ ಹೆದರುವ ಸ್ವಾಮಿ ಅಪ್ಪನ ಹಟಕ್ಕೆ ಸಿಕ್ಕಿ, ತಿಳಿಯದೆಯೇ ಶೂರನಾಗುವ ಕಥೆ ಯಾವ ಊರಿನ ಹದಿನೈದು ವರ್ಷದ ಹುಡುಗನಿಗೂ ಹಿಡಿಸುತ್ತದೆ. ರಸ್ಕಿನ್ ಬಾಂಡರ ಮರ ಹತ್ತುವ ಅಜ್ಜಿ ಇದ್ದಾಳೆ. ಕಿವಿ ಕೇಳದ ಸತೀಶ್ ಗುಜ್ರಾಲ್ ಚಿತ್ರಕಾರರಾದ ಬಗೆ ಇದೆ. ಜಾಗ ಮಾರಿದರೂ ಅಲ್ಲಿನ ಮರಗಳು ಊರ ಮಕ್ಕಳವು, ಅವನ್ನು ಮಾರಲು ತನಗೆ ಹಕ್ಕಿಲ್ಲ ಎನ್ನುವ ಮುದುಕನ ಕಥೆ ಇದೆ. ವಿ.ಕೃ. ಗೋಕಾಕರ ಇಂಗ್ಲಿಷ್ ಪದ್ಯವೂ ಇದೆ. ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರಾಗಿದ್ದ ಇದೇ ಗೋಕಾಕರು ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದರು, ಇಂಗ್ಲಿಷಿನಲ್ಲಿ ಕವಿತೆ ಬರೆದಿದ್ದರು ಎಂಬುದು ಎರಡು ಭಾಷೆಗಳನ್ನು ಎದುರುಬದುರು ನಿಲ್ಲಿಸಿ ಜಗಳ ಹಚ್ಚುವವರು ನೆನಪಿಡಬೇಕಾದ ಸಂಗತಿ. ಪಾಠಗಳ ಆಯ್ಕೆ ಚೆನ್ನಾಗಿದೆ. ಅದನ್ನು ಮಾಡಿದವರಿಗೆ ಸಾಹಿತ್ಯದ ರುಚಿ ಇತ್ತು.

ತೊಡಕು ಬೇರೆ ಕಡೆ ಇದೆ. ಕಿವಿಗೆ ಬೀಳದ ಭಾಷೆಯಲ್ಲಿ ಇಷ್ಟು ಉದ್ದದ ಗದ್ಯ ಎದುರಾದಾಗ ತರಗತಿಯಲ್ಲಿ ನಡೆಯುವುದು ಒಂದೇ: ಮಾಷ್ಟ್ರು ಒಂದು ವಾಕ್ಯ ಓದುತ್ತಾರೆ, ಕನ್ನಡದಲ್ಲಿ ಅರ್ಥ ಹೇಳುತ್ತಾರೆ, ಮುಂದಿನ ವಾಕ್ಯಕ್ಕೆ ಹೋಗುತ್ತಾರೆ. ಮಕ್ಕಳು ಕಥೆಯನ್ನು ಕನ್ನಡದಲ್ಲಿ ಕೇಳುತ್ತಾರೆ, ಉತ್ತರವನ್ನು ಗೈಡಿನಿಂದ ಬಾಯಿಪಾಠ ಮಾಡುತ್ತಾರೆ. ಸ್ವಾಮಿಯ ಹೆದರಿಕೆ ಅವರಿಗೆ ಅರ್ಥವಾಗಿದೆ, ಆದರೆ ಅದು ಅರ್ಥವಾದದ್ದು ಇಂಗ್ಲಿಷಿನಲ್ಲಲ್ಲ. ಇಂಗ್ಲಿಷಿನಲ್ಲಿ ಉಳಿದದ್ದು ಉತ್ತರದ ಅಕ್ಷರಗಳು ಮಾತ್ರ. ಪಾಠದ ಕೊನೆಗೆ ಮಾತನಾಡುವ ಅಭ್ಯಾಸಗಳೂ ಇವೆ. ಅವನ್ನು ಬಿಟ್ಟು ಮುಂದೆ ಹೋಗುವುದೇ ರೂಢಿ, ಯಾಕೆಂದರೆ ಅವು ಪರೀಕ್ಷೆಗೆ ಬರುವುದಿಲ್ಲ.

ಹಾಗಾಗಿ ವಿಮರ್ಶೆಗೆ ಒಡ್ಡಬೇಕಾದ ನಿಜವಾದ ಕೃತಿ ಪ್ರಶ್ನೆಪತ್ರಿಕೆ. ಅದರಲ್ಲಿ ಒಂದು ಬಗೆಯ ಪ್ರಶ್ನೆ ಇರುತ್ತದೆ. ಇಬ್ಬರ ನಡುವಿನ ಸಂಭಾಷಣೆಯನ್ನು ಕೊಟ್ಟು, ಅಡಿಗೆರೆ ಎಳೆದ ಮಾತು ವಿನಂತಿಯೋ ಸಲಹೆಯೋ ದೂರೋ ಎಂದು ಗುರುತಿಸಲು ಹೇಳುತ್ತಾರೆ. ಉಡುಪಿಯ ಮಕ್ಕಳು ಇದಕ್ಕೆ ತಪ್ಪುವುದು ಅಪರೂಪ. ಬಾಯಿ ತೆರೆದು ಇಂಗ್ಲಿಷಿನಲ್ಲಿ ಒಮ್ಮೆಯೂ ವಿನಂತಿ ಮಾಡದ ಮಗು ವಿನಂತಿಯ ಹೆಸರನ್ನು ಮಾತ್ರ ಸರಿಯಾಗಿ ಬರೆದು ಅಂಕ ತೆಗೆಯುತ್ತದೆ. ಯಾವ ಪದಕ್ಕೆ ಎರಡು ಉಚ್ಚಾರಾಂಶ ಎಂಬ ಪ್ರಶ್ನೆಯೂ ಅಂಥದ್ದೇ: ಉಚ್ಚಾರಣೆಯನ್ನು ಕಾಗದದ ಮೇಲೆ ಎಣಿಸುವ ಲೆಕ್ಕ. ಪದ್ಯದ ಸಾಲುಗಳನ್ನು ಕಂಠಪಾಠದಿಂದ ಬರೆದರೆ ನಾಲ್ಕು ಅಂಕ; ಅದೇ ಪದ್ಯವನ್ನು ಗಟ್ಟಿಯಾಗಿ, ತಾಳ ಹಿಡಿದು ಓದಿದರೆ ಆ ಎಂಬತ್ತರಲ್ಲಿ ಏನೂ ಇಲ್ಲ. ಹಿಂದುಳಿದವರನ್ನು ದಡ ಸೇರಿಸಲು ‘ಪಾಸಿಂಗ್ ಪ್ಯಾಕೇಜ್’ ಬರುತ್ತದೆ. ಯಾವ ಪದ್ಯ, ಯಾವ ಪತ್ರದ ನಮೂನೆ, ಯಾವ ವ್ಯಾಕರಣ ಮಾಡಿದರೆ ಸಾಕು ಎಂಬ ಪಟ್ಟಿ ಅದು. ಪ್ಯಾಕೇಜು ಮಾಡುವ ಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ. ಫಲಿತಾಂಶ ಕುಸಿದರೆ ನೋಟೀಸು ಬರುವುದು ಅವರ ಹೆಸರಿಗೆ. ಪತ್ರಿಕೆ ಏನು ಕೇಳುತ್ತದೋ ಅದನ್ನೇ ಅವರು ಕಲಿಸುತ್ತಿದ್ದಾರೆ, ಅದನ್ನು ರಾಜ್ಯದಲ್ಲೇ ಚೆನ್ನಾಗಿ ಕಲಿಸುತ್ತಿದ್ದಾರೆ.

ಇನ್ನೊಂದು ಭಾಷೆಯನ್ನು ಕಲಿಯುವುದು ಹೇಗೆಂದು ಈ ಊರಿಗೆ ಗೊತ್ತಿಲ್ಲ ಎಂದಾದರೂ ಹೇಳಬಹುದಿತ್ತು. ಹಾಗೂ ಹೇಳುವಂತಿಲ್ಲ. ಪರ್ಕಳ, ಹೆರ್ಗ, ಹಿರಿಯಡ್ಕದ ಬಹುಪಾಲು ಮನೆಗಳಲ್ಲಿ ಮಾತು ತುಳು; ಕೆಲವು ಮನೆಗಳಲ್ಲಿ ಕೊಂಕಣಿ, ಕೆಲವು ಕಡೆ ಬ್ಯಾರಿ ಅಥವಾ ಉರ್ದು. ಕನ್ನಡ ಇಲ್ಲಿನ ಹೆಚ್ಚಿನ ಮಕ್ಕಳಿಗೆ ಎರಡನೆಯ ಭಾಷೆ. ಅದನ್ನು ಅವರು ಶಾಲೆಯಲ್ಲಿ ‘ಪ್ರಥಮ ಭಾಷೆ’ಯಾಗಿ ಓದಿ ಪರೀಕ್ಷೆ ಬರೆಯುತ್ತಾರೆ, ಮತ್ತು ಆ ಕನ್ನಡದಲ್ಲೇ ಮುಂದೆ ಭಾಷಣ ಮಾಡುತ್ತಾರೆ, ಕಥೆ ಬರೆಯುತ್ತಾರೆ, ಪಂಚಾಯತಿಗೆ ಅರ್ಜಿ ಹಾಕುತ್ತಾರೆ. ಇದು ಹೇಗಾಯಿತು? ಒಂದನೆಯ ಕ್ಲಾಸಿನಲ್ಲಿ ಟೀಚರು ತುಳುವಿನ ಕೈ ಹಿಡಿಸಿ ಒಳಗೆ ಕರೆದದ್ದು ನಿಜ. ಆದರೆ ಅದರಾಚೆ ಕನ್ನಡ ಎಲ್ಲ ಕಡೆಯಿಂದ ಕಿವಿಗೆ ಬಿತ್ತು: ಭಜನೆಯಲ್ಲಿ, 1970ರಿಂದ ಮಣಿಪಾಲದಲ್ಲಿ ಅಚ್ಚಾಗುತ್ತಿರುವ ‘ಉದಯವಾಣಿ’ಯನ್ನು ಮನೆಯ ಹಿರಿಯರು ಗಟ್ಟಿಯಾಗಿ ಓದಿದಾಗ, ಮಂಗಳೂರು ಆಕಾಶವಾಣಿಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಯಕ್ಷಗಾನದಲ್ಲಿ.

ಭಾಷಾಕಲಿಕೆಯ ಕಣ್ಣಿನಿಂದ ಯಕ್ಷಗಾನ, ಅದರಲ್ಲೂ ತಾಳಮದ್ದಳೆ, ಅಸಾಧಾರಣ ಶಾಲೆ. ಬರೆದಿಟ್ಟ ಸಂಭಾಷಣೆ ಅಲ್ಲಿಲ್ಲ. ಭಾಗವತರು ಪದ ಹೇಳುತ್ತಾರೆ. ಅರ್ಥಧಾರಿ ಎದುರಾಳಿಯ ಮಾತಿಗೆ ಅಲ್ಲೇ ಉತ್ತರ ಹುಟ್ಟಿಸಬೇಕು. ಮನೆಯಲ್ಲಿ ತುಳು ಆಡುವ ಮನುಷ್ಯ ಗಂಟೆಗಟ್ಟಲೆ ಕನ್ನಡದಲ್ಲಿ ವಾದ ಹೂಡುತ್ತಾನೆ, ವ್ಯಂಗ್ಯವಾಡುತ್ತಾನೆ, ಸೋತ ಪಾತ್ರವನ್ನೂ ಗೆಲ್ಲಿಸುತ್ತಾನೆ. ಇದು ಅವನಿಗೆ ಗೈಡಿನಿಂದ ಬಂದದ್ದಲ್ಲ. ಮೊದಲು ವರ್ಷಗಟ್ಟಲೆ ಕೇಳಿದ, ಅರ್ಥವಾಗದ್ದನ್ನೂ ಕೇಳಿದ. ಆಮೇಲೆ ಸಣ್ಣ ಪಾತ್ರದಲ್ಲಿ ನಾಲ್ಕು ಮಾತು ಆಡಿದ. ತಪ್ಪಿದಾಗ ಹಿರಿಯರು ಚೌಕಿಯಲ್ಲಿ ತಿದ್ದಿದರು, ರಂಗದಲ್ಲಿ ಅಲ್ಲ. ಮೇಳಕ್ಕೆ ಸೇರಿದ ಹುಡುಗ ಕೋಡಂಗಿ, ಬಾಲಗೋಪಾಲರಿಂದ ಆರಂಭಿಸುವ ಪದ್ಧತಿಯ ಹಿಂದೆಯೂ ಇದೇ ತಿಳಿವಳಿಕೆ ಇದೆ: ಕಲಿಯುವವನಿಗೆ ಮೊದಲು ಕಿವಿ ತುಂಬಬೇಕು, ಆಮೇಲೆ ಸಣ್ಣ ಜಾಗ ಸಿಗಬೇಕು, ತಪ್ಪಿಗೆ ನಗೆಪಾಟಲಾಗಬಾರದು. ನಮ್ಮ ಇಂಗ್ಲಿಷ್ ತರಗತಿಯಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ಅಲ್ಲಿ ಹುಡುಗನ ಬಾಯಿಂದ ಮೊದಲ ವಾಕ್ಯ ಹೊರಡುವ ಮೊದಲೇ ಕರ್ಮಣಿ ಪ್ರಯೋಗ ಬಂದು ಕೂತಿರುತ್ತದೆ.

ಮುಂಬಯಿಗೆ ಹೋದವರ ಅನುಭವವೂ ಇದನ್ನೇ ಹೇಳುತ್ತದೆ. ಹೋಟೆಲುಗಳಲ್ಲಿ ಹಗಲು ದುಡಿದ ಕರಾವಳಿಯ ಹುಡುಗರು ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್‌ನಂಥ ಸಂಸ್ಥೆಗಳು ನಡೆಸಿದ ರಾತ್ರಿಶಾಲೆಗಳಲ್ಲಿ ಇಂಗ್ಲಿಷ್ ಓದಿದರು. ರಾತ್ರಿ ಓದಿದ್ದು ಮರುದಿನ ಗಲ್ಲೆಯ ಬಳಿ, ಗಿರಾಕಿಯ ಎದುರು ಬೇಕಾಗುತ್ತಿತ್ತು. ಬ್ಯಾಂಕು, ಕಚೇರಿ, ಸ್ವಂತ ಹೋಟೆಲು ಎಂದು ಅವರಲ್ಲಿ ಅನೇಕರು ಮೇಲೆ ಬಂದರು. ಅವರ ಪುಸ್ತಕಗಳು ನಮ್ಮ ಪುಸ್ತಕಗಳಿಗಿಂತ ಚೆನ್ನಾಗಿದ್ದವು ಎಂದಲ್ಲ. ಓದು ಮತ್ತು ಬಳಕೆಯ ನಡುವೆ ಒಂದು ರಾತ್ರಿಯ ಅಂತರ ಮಾತ್ರ ಇತ್ತು.

ಕಾಂಬೋಡಿಯದ ಖ್ಮೇರ್ ಭಾಷಿಕರದ್ದೂ ಇದಕ್ಕೆ ಹತ್ತಿರದ ಕಥೆ. ಫ್ರೆಂಚರು ಆಳಿದ ದೇಶ ಅದು. 1975ರಿಂದ 79ರ ವರೆಗೆ ಖ್ಮೇರ್ ರೂಜ್ ಆಡಳಿತದಲ್ಲಿ ಶಾಲೆಗಳೇ ಮುಚ್ಚಿದವು. ಎಂಬತ್ತರ ದಶಕದಲ್ಲಿ ಸರಕಾರ ಒತ್ತು ಕೊಟ್ಟದ್ದು ವಿಯೆಟ್ನಾಮೀ ಮತ್ತು ರಷ್ಯನ್ ಭಾಷೆಗಳಿಗೆ. 1991ರ ಪ್ಯಾರಿಸ್ ಒಪ್ಪಂದದ ನಂತರ ವಿಶ್ವಸಂಸ್ಥೆಯ ಸಾವಿರಾರು ಮಂದಿ ಬಂದಿಳಿದಾಗ ನಾಮ್‌ಪೆನ್ಹ್‌ನಲ್ಲಿ ಇಂಗ್ಲಿಷ್ ಕ್ಲಾಸುಗಳು ಹುಟ್ಟಿಕೊಂಡವು. ಬಳಸುವ ಜಾಗ ಕಣ್ಣೆದುರು ಬಂದಾಗ ಜನ ಕಲಿಯಲು ಓಡಿದರು. ಕಲಿಯುವವರು ತಂತಮ್ಮ ಭಾಷೆಯ ನಡೆಯನ್ನೂ ಜೊತೆಗೆ ತರುತ್ತಾರೆ. ಖ್ಮೇರಿನಲ್ಲಿ ಕಾಲಕ್ಕೆ ತಕ್ಕಂತೆ ಕ್ರಿಯಾಪದ ರೂಪ ಬದಲಿಸುವುದಿಲ್ಲ. ಹಾಗಾಗಿ ಅಲ್ಲಿನವರಿಗೆ ಭೂತಕಾಲದ ಪ್ರತ್ಯಯ ಕಷ್ಟ. ನಮಗೆ ಕಾಲ ಸುಲಭ, ಕಷ್ಟವಾಗುವುದು ‘ಎ’ ಮತ್ತು ‘ದಿ’. ಪದದ ಕೊನೆಯ ವ್ಯಂಜನವನ್ನು ಅವರು ನುಂಗುತ್ತಾರೆ, ನಾವು ಅದಕ್ಕೊಂದು ಸ್ವರ ಸೇರಿಸುತ್ತೇವೆ. ತನ್ನ ಮಕ್ಕಳು ಎಲ್ಲಿ ಎಡವುತ್ತಾರೆಂದು ಗೊತ್ತಿರುವ ಶಿಕ್ಷಕಿಗೆ ಅರ್ಧ ಕೆಲಸ ಹಗುರ. ಬೀದರಿನಿಂದ ಕಾಪುವಿನ ವರೆಗೆ ಒಂದೇ ಪುಸ್ತಕ ಹಂಚುವ ನಮ್ಮ ವ್ಯವಸ್ಥೆ, ಮಗುವಿಗೆ ಮನೆಮಾತು ಎಂಬುದೊಂದಿದೆ ಎಂಬುದನ್ನೇ ಮರೆತಿದೆ.

ಸರಕಾರ ಕಂಡುಕೊಂಡ ಪರಿಹಾರಗಳೆಲ್ಲ ಇಂಗ್ಲಿಷ್ ಆರಂಭಿಸುವ ವಯಸ್ಸನ್ನು ಇಳಿಸುವಂಥವು, ಇಲ್ಲವೇ ಮಾಧ್ಯಮವನ್ನೇ ಬದಲಿಸುವಂಥವು. ಐದನೆಯ ತರಗತಿಯಿಂದ ಇದ್ದ ಇಂಗ್ಲಿಷನ್ನು 2007-08ರಲ್ಲಿ ಒಂದನೆಯ ತರಗತಿಗೆ ತಂದಿತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ ಎಂದಿತು. 2019-20ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. ಇದನ್ನು ವಿರೋಧಿಸಿದ ಕೆಲವರ ಸ್ವಂತ ಮಕ್ಕಳು, ಮೊಮ್ಮಕ್ಕಳು ಯಾವ ಶಾಲೆಯಲ್ಲಿ ಓದಿದರೆಂದು ಪೇಟೆಯವರಿಗೆ ಗೊತ್ತು. ಆದ್ದರಿಂದ ಕನ್ನಡ ಮಾಧ್ಯಮವೇ ಇರಲಿ ಎಂಬ ಅವರ ಉಪದೇಶ ಪರ್ಕಳದ ತಾಯಿಯ ಕಿವಿಗೆ ಹತ್ತಲಿಲ್ಲ. ಮಗುವಿಗೆ ಇಂಗ್ಲಿಷ್ ಬೇಕೆಂಬ ಅವಳ ಬೇಡಿಕೆ ನ್ಯಾಯವಾದದ್ದು. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಬಂದಂದಿನಿಂದ ಮಣಿಪಾಲದ ಗುಡ್ಡದ ಮೇಲಿನ ಒಳ್ಳೆಯ ಕೆಲಸಗಳು ಯಾವ ಭಾಷೆ ಆಡುತ್ತವೆಂದು ಅವಳೂ ಅವಳ ಹಿರಿಯರೂ ನೋಡುತ್ತಲೇ ಬಂದಿದ್ದಾರೆ.

ಬೇಡಿಕೆ ಸರಿ; ಸಿಕ್ಕ ಉತ್ತರ ಸರಿಯಲ್ಲ. ಇಂಗ್ಲಿಷ್ ಪಿರಿಯಡ್ಡಿನಲ್ಲಿ ಸೋತ ಓದು-ಅರ್ಥ-ಬಾಯಿಪಾಠದ ಪದ್ಧತಿಯನ್ನೇ ಈಗ ಗಣಿತಕ್ಕೂ ಪರಿಸರ ಅಧ್ಯಯನಕ್ಕೂ ಹಬ್ಬಿಸಿದಂತಾಯಿತು. ಭಾಗಾಕಾರವನ್ನು ತನ್ನ ಮಾತಿನಲ್ಲಿ ಕೇಳಿ ಅರ್ಥ ಮಾಡಿಕೊಳ್ಳಬಹುದಾಗಿದ್ದ ಮಗು ಈಗ ಅದನ್ನೂ ಉರು ಹೊಡೆಯುತ್ತದೆ. ಮಾಧ್ಯಮ ಬದಲಾದರೂ ಕಿವಿಗೆ ಬೀಳುವ ಇಂಗ್ಲಿಷು ಹೆಚ್ಚಲಿಲ್ಲ, ಏಕೆಂದರೆ ಕಲಿಸುವ ಶಿಕ್ಷಕಿಯೂ ಇದೇ ಎಂಬತ್ತು ಅಂಕದ ಇಂಗ್ಲಿಷಿನಲ್ಲಿ ಬೆಳೆದವಳು. ಕೆಲವು ದಿನಗಳ ತರಬೇತಿ ಅವಳ ನಾಲಗೆಯನ್ನು ಬಿಡಿಸಲಾರದು. ಕನ್ನಡ, ತುಳು ಮಾತಾಡಿದರೆ ದಂಡ ಹಾಕುವ ಶಾಲೆಗಳದ್ದು ಇನ್ನೊಂದು ಅತಿರೇಕ. ದಂಡದ ಭಯಕ್ಕೆ ಮಗು ಇಂಗ್ಲಿಷ್ ಆಡುವುದಿಲ್ಲ, ಸುಮ್ಮನಾಗುತ್ತದೆ. ಪದವಿಯ ನಂತರ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಕಟ್ಟಿ, ಸಂದರ್ಶನದಲ್ಲಿ ತನ್ನ ಪರಿಚಯ ಹೇಳಿಕೊಳ್ಳುವ ಮಾತುಗಳನ್ನೂ ಬಾಯಿಪಾಠ ಮಾಡಿಕೊಂಡು ಬರುವವರನ್ನು ಕಂಡರೆ ಈ ರೋಗ ಎಷ್ಟು ಒಳಗೆ ಇಳಿದಿದೆ ಎಂಬುದು ತಿಳಿಯುತ್ತದೆ.

ಮಣಿಪಾಲದ ರಸ್ತೆಗಳಲ್ಲಿ ಇದಕ್ಕೆ ತೀರ ಉಲ್ಟಾ. ಟೈಗರ್ ಸರ್ಕಲ್ಲಿನ ರಿಕ್ಷಾದವರು, ಜೆರಾಕ್ಸ್ ಅಂಗಡಿಯವರು, ಪಿಜಿ ನಡೆಸುವ ಹೆಂಗಸರು ದೆಹಲಿಯ, ಕೇರಳದ ಹುಡುಗರೊಡನೆಯೂ, ಮೆಲಾಕ ಮಣಿಪಾಲ ಮೆಡಿಕಲ್ ಕಾಲೇಜಿನ ನಂಟಿನಿಂದ ಬಂದ ಮಲೇಷ್ಯದ ಮಕ್ಕಳೊಡನೆಯೂ ವ್ಯವಹಾರ ನಡೆಸಿದ್ದಾರೆ. ಅವರ ಇಂಗ್ಲಿಷಿಗೆ ಹಿಂದಿ ಸೇರಿಕೊಂಡಿದೆ, ಕ್ರಿಯಾಪದ ಕೆಲವೊಮ್ಮೆ ಕಾಣೆಯಾಗಿದೆ, ಆದರೆ ಕೆಲಸ ಎಲ್ಲೂ ನಿಂತಿಲ್ಲ. ಇದನ್ನು ಮೆಚ್ಚಬೇಕು, ಇದೇ ಸಾಕು ಎಂದು ಕೈತೊಳೆದುಕೊಳ್ಳಬಾರದು. ಬಾಡಿಗೆ ಮಾತಾಡಲು ಸಾಕಾಗುವ ಆ ಇಂಗ್ಲಿಷು ಆಪರೇಷನ್ನಿಗೆ ಮೊದಲು ಸಹಿ ಹಾಕಬೇಕಾದ ಒಪ್ಪಿಗೆ ಪತ್ರದ ಮುಂದೆ, ಬ್ಯಾಂಕಿನ ಸಾಲದ ಕಾಗದದ ಮುಂದೆ ನಿಂತುಬಿಡುತ್ತದೆ. ಹೀಗೆ ಒಂದೇ ಹೆದ್ದಾರಿಯಲ್ಲಿ ಎರಡು ಅರೆ ಇಂಗ್ಲಿಷುಗಳಿವೆ: ಬರೆಯಲು ಬಂದು ಆಡಲು ಬಾರದ್ದು ಶಾಲೆಯದ್ದು, ಆಡಲು ಬಂದು ಓದಲು ಬಾರದ್ದು ಬೀದಿಯದ್ದು. ಇವೆರಡನ್ನೂ ಒಂದೇ ನಾಲಗೆಗೆ ತರುವುದು ಶಾಲೆಯ ಕೆಲಸ. ಬೇರೆ ಯಾರೂ ಅದನ್ನು ಮಾಡಲಾರರು.

ಅದಕ್ಕೆ ಪುಸ್ತಕವನ್ನು ಸುಡಬೇಕಾಗಿಲ್ಲ. ಇಪ್ಪತ್ತು ಅಂಕದ ಆಂತರಿಕ ಮೌಲ್ಯಮಾಪನ ಈಗಾಗಲೇ ಇದೆ. ಎಷ್ಟೋ ಕಡೆ ಅದು ಉದಾರವಾಗಿ ತುಂಬಿಸುವ ಕಾಲಮ್ಮಾಗಿದೆ. ಅದನ್ನು ಪೂರ್ತಿ ಕೇಳುವುದಕ್ಕೂ ಮಾತಾಡುವುದಕ್ಕೂ ಮೀಸಲಿಟ್ಟು, ಪಕ್ಕದ ಶಾಲೆಯ ಶಿಕ್ಷಕರಿಂದ ಮೌಲ್ಯಮಾಪನ ಮಾಡಿಸಬಹುದು. ಸಿಬಿಎಸ್‌ಇ ಶಾಲೆಗಳ ಆಂತರಿಕ ಮೌಲ್ಯಮಾಪನದಲ್ಲಿ ಇಂಥ ಪರೀಕ್ಷೆಗೆ ಜಾಗ ಇದೆ. ಕೇಳಿ ಕಲಿಯುವ ಬಾನುಲಿ ಪಾಠಗಳ ಅನುಭವ ನಮ್ಮ ರಾಜ್ಯಕ್ಕೆ ಹೊಸತಲ್ಲ. ಮಣಿಪಾಲದಲ್ಲಿ ಸಮುದಾಯ ಬಾನುಲಿಯೂ ಉಂಟು. ‘ಎ ಹೀರೋ’ ಕಥೆಯನ್ನು ಅರ್ಥ ಹೇಳುವ ಮೊದಲು ನಾಲ್ಕು ಸಲ ಕಿವಿಗೆ ಕೇಳಿಸಲು, ಆಮೇಲೆ ಸ್ವಾಮಿ ಮತ್ತು ಅಪ್ಪನ ಜಗಳವನ್ನು ಮಕ್ಕಳಿಂದ ಆಡಿಸಲು ದೊಡ್ಡ ಅನುದಾನವೇನೂ ಬೇಡ. ಆಟದಲ್ಲಿ ತಡವರಿಸಿದವರಿಗೆ ತುಳುವಿನಲ್ಲಿ ಒಂದು ಮಾತು ಎತ್ತಿಕೊಟ್ಟರೆ ಇಂಗ್ಲಿಷಿಗೆ ಮುಕ್ಕಾಗುವುದಿಲ್ಲ.

ಇಷ್ಟು ಮಾಡಿದರೆ ಮೊದಲ ಎರಡು ವರ್ಷ ಅಂಕ ಕೊಂಚ ಇಳಿಯಬಹುದು. ಅರ್ಧಕ್ಕರ್ಧ ಮಕ್ಕಳು ನಪಾಸಾಗುವ ಜಿಲ್ಲೆಯ ಹೆಡ್‌ಮಾಷ್ಟ್ರಿಗೆ ಅಂಥ ಧೈರ್ಯ ಮಾಡಿ ಎಂದು ಹೇಳುವುದು ಕ್ರೂರವಾದೀತು. ಶೇ. 90ರ ಆಸುಪಾಸಿನಲ್ಲಿ ಕೂತಿರುವ ಉಡುಪಿಗೆ ಮಾತ್ರ ಆ ನಷ್ಟವನ್ನು ತಾಳಿಕೊಳ್ಳುವ ಶಕ್ತಿ ಇದೆ. ಇಷ್ಟು ವರ್ಷ ನಾವು ಗಳಿಸಿದ ರ‍್ಯಾಂಕಿಗೆ ಏನಾದರೂ ಬೆಲೆ ಇದ್ದರೆ ಅದು ಇದೇ: ಬೇರೆಯವರು ಮಾಡಲಾಗದ ಪ್ರಯೋಗವನ್ನು ನಾವು ಮಾಡಬಹುದು. ಅದನ್ನು ಮಾಡದೆ ಮತ್ತೆ ಮೊದಲ ಸ್ಥಾನಕ್ಕಾಗಿ ದಕ್ಷಿಣ ಕನ್ನಡದೊಡನೆ ಸ್ಪರ್ಧೆಗೆ ಇಳಿದರೆ, ಗೆದ್ದವರಿಗೂ ಸೋತವರಿಗೂ ಸಿಗುವುದು ಅದೇ ಮಾತಾಡದ ಇಂಗ್ಲಿಷು.